ಹಿಮದ ವಾರಕ್ಕೆ ಯಾವಾಗ, ಎಲ್ಲಿಗೆ, ಹೇಗೆ? ಪರದೇಶದಲ್ಲಿರುವ ಕಾಸರಗೋಡಿನ ಕುಟುಂಬಗಳಿಗೊಂದು ಹೋಲಿಕೆ

ಕಳೆದ ಡಿಸೆಂಬರಿನಲ್ಲಿ ಬದಿಯಡ್ಕದ ಸಮೀಪದ ನಮ್ಮ ಮನೆಗೆ ಬಂದಿದ್ದಾಗ, ಒಂದು ದಿನ ಬೆಳಗ್ಗಿನ ಧನುಪೂಜೆ ಮುಗಿದು ದೇವಸ್ಥಾನದ ಭೋಜನಶಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದ ಹೊತ್ತಿನಲ್ಲಿ ಮೂವರು ನನ್ನಲ್ಲಿ ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳಿದರು. ಒಬ್ಬಳು ಗಂಡ ಮತ್ತು ಇಬ್ಬರು ಮಕ್ಕಳೊಂದಿಗೆ ಜರ್ಮನಿಗೆ ಹೋಗಿ ಎರಡು ವರ್ಷವಾದ ದೊಡ್ಡಪ್ಪನ ಮಗಳು. ಇನ್ನೊಬ್ಬರು ದುಬೈಯಲ್ಲಿ ಕೆಲಸದಲ್ಲಿರುವ ಭಾವ. ಮತ್ತೊಬ್ಬ ನೀರ್ಚಾಲಿನಲ್ಲಿ ತೋಟ ನೋಡಿಕೊಂಡು, ಮಕ್ಕಳಿಗೆ ಒಮ್ಮೆಯಾದರೂ ಹಿಮ ತೋರಿಸಬೇಕೆಂದಿರುವ ಸೋದರಮಾವನ ಮಗ. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗಿಗೆ ಹೋಗುವುದಾದರೆ ಯಾವ ಊರು ಒಳ್ಳೆಯದು ಎಂಬುದು ಅವರ ಪ್ರಶ್ನೆಯಾಗಿತ್ತು. ಮ್ಯೂನಿಕ್‌ನಲ್ಲಿ 11 ಚಳಿಗಾಲಗಳನ್ನು ಕಳೆದ ನನ್ನ ಅನುಭವದಲ್ಲಿ ಊರಿನ ಹೆಸರು ಮೂರನೆಯ ಪ್ರಶ್ನೆ. ಮೊದಲನೆಯದು ಯಾವ ರಜೆಯಲ್ಲಿ ಎಂಬುದು. ಎರಡನೆಯದು ಮನೆಯವರಲ್ಲಿ ಅತ್ಯಂತ ಬೇಗ ದಣಿಯುವವರು ಯಾರು ಎಂಬುದು. ಐದು ವರ್ಷದ ಮಗುವೋ ಎಪ್ಪತ್ತರ ಅತ್ತೆಯವರೋ ಜೊತೆಗಿದ್ದರೆ, ಅವರಿಗೆ ಹೊಂದುವ ಸ್ಥಳವೇ ಇಡೀ ಕುಟುಂಬಕ್ಕೆ ಹೊಂದುವ ಸ್ಥಳ. ಈ ಬರಹದ ಹೋಲಿಕೆಗಳನ್ನೆಲ್ಲ ನಾನು ಈ ಅಳತೆಗೋಲನ್ನು ಹಿಡಿದೇ ಮಾಡಿದ್ದೇನೆ.

ಸ್ಕೀ ಏಕೆ ಬೇಕು ಎಂದು ಊರಿನ ಹಿರಿಯರು ಕೇಳುವುದುಂಟು, ಮತ್ತು ಅದು ನ್ಯಾಯವಾದ ಪ್ರಶ್ನೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಚಳಿಗಾಲದ ನಾಲ್ಕು ತಿಂಗಳು ಮಕ್ಕಳ ದಿನಚರಿಯೇ ಬೇರೆಯಾಗಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಆದರೂ ಶಿಶುವಿಹಾರದವರು ಮಕ್ಕಳನ್ನು ದಿನಾಲೂ ಹೊರಗೆ ಕರೆದುಕೊಂಡು ಹೋಗುತ್ತಾರೆ, ಹಿಮದ ಸೂಟು, ಟೊಪ್ಪಿ, ಎರಡು ಜೊತೆ ಕೈಗವಸು ಅಲ್ಲಿಯೇ ಮೊಳೆಯಲ್ಲಿ ತೂಗಿರಬೇಕು. ಪ್ರಾಥಮಿಕ ಶಾಲೆಗೆ ಬರುವಷ್ಟರಲ್ಲಿ ತರಗತಿಯ ಅರ್ಧದಷ್ಟು ಮಕ್ಕಳು ಸ್ಕೀ ಕಲಿತಿರುತ್ತಾರೆ, ಮತ್ತು ಅಲ್ಲಿನ ಅನೇಕ ಹೈಸ್ಕೂಲುಗಳು ಏಳನೆಯ ತರಗತಿಯ ಹೊತ್ತಿಗೆ ಒಂದು ವಾರದ ಸ್ಕೀ ಶಿಬಿರವನ್ನು ನಡೆಸುತ್ತವೆ. ನಮ್ಮಲ್ಲಿ ಹೊಳೆಯ ಬದಿಯಲ್ಲಿ ಬೆಳೆದ ಮಗುವಿಗೆ ಈಜು ಹೇಗೋ ಅಲ್ಲಿಯ ಮಗುವಿಗೆ ಸ್ಕೀ ಹಾಗೆ. ಮಗು ತನ್ನ ಓರಗೆಯವರ ನಡುವೆ ಹೊರಗಿನವನಾಗಿ ನಿಲ್ಲಬಾರದೆಂಬ ಕಾಳಜಿ ನನಗಿದೆ. ಹಾಗೆಂದು ಅದಕ್ಕಾಗಿ ಊರಿನ ರಜೆಯನ್ನು ಬಲಿಕೊಡಬಾರದೆಂಬ ಹಠವೂ ಇದೆ.

ಕ್ರಿಸ್ಮಸ್ ರಜೆಯೋ ಫೆಬ್ರವರಿಯ ವಾರವೋ

ಬವೇರಿಯಾದ ಶಾಲೆಗಳಿಗೆ ಚಳಿಗಾಲದಲ್ಲಿ ಎರಡು ರಜೆಗಳಿವೆ: ಡಿಸೆಂಬರಿನ ಕೊನೆಯಿಂದ ಜನವರಿಯ ಮೊದಲ ದಿನಗಳವರೆಗೆ ಸುಮಾರು ಎರಡು ವಾರ, ಮತ್ತು ಹೆಚ್ಚಾಗಿ ಫೆಬ್ರವರಿಯಲ್ಲಿ ಬರುವ ಕಾರ್ನಿವಲ್ ಹಬ್ಬದ ಸುಮಾರಿಗೆ ಒಂದು ವಾರದ ಫಾಶಿಂಗ್ ರಜೆ. ಹೆಚ್ಚಿನವರು ಬೇಸಗೆಯ ಆರು ವಾರದ ರಜೆಯಲ್ಲಿ ಊರಿಗೆ ಹೋಗುವುದು, ಕ್ರಿಸ್ಮಸ್ ರಜೆಯಲ್ಲಿ ಹಿಮಕ್ಕೆ ಹೋಗುವುದು ಎಂದು ಲೆಕ್ಕ ಹಾಕುತ್ತಾರೆ. ನಾವೂ ಮೊದಲ ಮೂರು ವರ್ಷ ಹಾಗೆಯೇ ಮಾಡಿದೆವು, ಮತ್ತು ಎರಡು ಕಡೆಗಳಲ್ಲೂ ಕಳೆದುಕೊಂಡೆವು.

ಬವೇರಿಯಾದ ಬೇಸಗೆ ರಜೆ ಎಂದರೆ ಆಗಸ್ಟ್, ಎಂದರೆ ಕಾಸರಗೋಡಿನಲ್ಲಿ ಆಟಿಯ ಕೊನೆ ಮತ್ತು ಸೋಣ ತಿಂಗಳು. ಅಷ್ಟಮಿ, ಚೌತಿ, ಓಣಂ ಆ ಹೊತ್ತಿಗೆ ಬರುತ್ತವೆಂಬುದು ನಿಜ, ಮಳೆಯ ಊರನ್ನು ಮಕ್ಕಳು ನೋಡಬೇಕೆಂಬುದೂ ನಿಜ. ಆದರೆ ಅಂಗಳದಲ್ಲಿ ಪಾಚಿ ಕಟ್ಟಿರುತ್ತದೆ, ತೋಟದಲ್ಲಿ ಉಂಬುಳು ಮತ್ತು ಸೊಳ್ಳೆ, ಮೇಳಗಳೆಲ್ಲ ಪತ್ತನಾಜೆಗೆ ಗೆಜ್ಜೆ ಬಿಚ್ಚಿರುತ್ತವೆ, ನೇಮ ಕೋಲಗಳಿಲ್ಲ. ಡಿಸೆಂಬರಿನಲ್ಲಿ ಬಂದ ಮಗುವಿಗೆ ಸಿಗುವುದೇ ಬೇರೆ: ಅಂಗಳ ತುಂಬ ಒಣಗಲು ಹರವಿದ ಅಡಕೆ, ಬೆಳಗ್ಗಿನ ಮಂಜು, ಧನುಪೂಜೆಗೆ ಎಬ್ಬಿಸುವ ಅಜ್ಜಿ, ಹತ್ತಿರದ ಬಯಲಿನಲ್ಲಿ ಚೆಂಡೆಯ ಸದ್ದು. ನನ್ನ ಹಿರಿಯ ಮಗಳಿಗೆ ಕನ್ನಡ ಬಾಯಿಗೆ ಹತ್ತಿದ್ದು ಡಿಸೆಂಬರಿನ ರಜೆಗಳಲ್ಲಿಯೇ ಹೊರತು ಮಳೆಯಲ್ಲಿ ಚಾವಡಿಯೊಳಗೆ ಟ್ಯಾಬ್ಲೆಟ್ ಹಿಡಿದು ಕುಳಿತ ಆಗಸ್ಟ್‌ಗಳಲ್ಲಿ ಅಲ್ಲ.

ಹಿಮದ ಲೆಕ್ಕವೂ ಇದನ್ನೇ ಹೇಳುತ್ತದೆ. ಆಲ್ಪ್ಸ್‌ನಲ್ಲಿ 1,500 ಮೀಟರಿಗಿಂತ ಕೆಳಗಿನ ಊರುಗಳಲ್ಲಿ ಕ್ರಿಸ್ಮಸ್ ಹೊತ್ತಿಗೆ ಹಿಮ ಬಿದ್ದಿರುತ್ತದೆಂಬ ಭರವಸೆ ಈಗ ಇಲ್ಲ. ಕೃತಕ ಹಿಮ ಮಾಡುವ ಯಂತ್ರಗಳಿಗೂ ಗಾಳಿ ಸೊನ್ನೆಗಿಂತ ಕೆಳಗೆ ತಣಿದಿರಬೇಕು, ಒಣಗಿರಬೇಕು. ಫೆಬ್ರವರಿಯ ಹೊತ್ತಿಗೆ ಹಿಮದ ಪದರ ದಪ್ಪವಾಗಿರುತ್ತದೆ, ಹಗಲೂ ಉದ್ದವಾಗಿರುತ್ತದೆ. ಕ್ರಿಸ್ಮಸ್ ಮತ್ತು ಹೊಸ ವರ್ಷದ ವಾರ ವಸತಿಯ ಬಾಡಿಗೆ ಅತ್ಯಂತ ಹೆಚ್ಚಿರುವ ವಾರವೂ ಹೌದು. ಆ ರಜೆಯಲ್ಲಿ ಊರಿಗೆ ವಿಮಾನದ ದರವೂ ಏರಿರುತ್ತದೆಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಪರಿಹಾರವಿಲ್ಲ. ಪ್ರತಿ ವರ್ಷ ಸಾಧ್ಯವಿಲ್ಲದವರು ಒಂದು ವರ್ಷ ಬಿಟ್ಟು ಒಂದು ವರ್ಷವಾದರೂ ಕ್ರಿಸ್ಮಸ್ ರಜೆಯನ್ನು ಊರಿಗೆ ಕೊಡಲಿ, ಹಿಮಕ್ಕೆ ಫಾಶಿಂಗ್ ವಾರವನ್ನು ಇಟ್ಟುಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಕ್ಕಳಿನ್ನೂ ಶಾಲೆಗೆ ಸೇರಿಲ್ಲದವರಿಗೆ ಇದೆಲ್ಲಕ್ಕಿಂತ ಒಳ್ಳೆಯ ಆಯ್ಕೆಯೊಂದಿದೆ. ಜನವರಿ 6ರ ಹಬ್ಬ ಕಳೆದ ಮೇಲೆ ತಿಂಗಳ ಕೊನೆಯವರೆಗೆ ಆಲ್ಪ್ಸ್‌ನ ಹಳ್ಳಿಗಳು ಬಿಕೋ ಎನ್ನುತ್ತವೆ, ಬಾಡಿಗೆ ಇಳಿದಿರುತ್ತದೆ, ಸ್ಕೀ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ನಾಲ್ಕೈದು ಮಕ್ಕಳಷ್ಟೇ ಇರುತ್ತಾರೆ. ಶಾಲೆಗೆ ಸೇರಿದ ಮಗುವಿಗೆ ಈ ಅನುಕೂಲವಿಲ್ಲ. ಜರ್ಮನಿಯಲ್ಲಿ ಶಾಲಾ ಹಾಜರಿ ಕಡ್ಡಾಯ. ಪ್ರವಾಸಕ್ಕೆಂದು ಎರಡು ದಿನ ಮೊದಲೇ ಮಗುವನ್ನು ಬಿಡಿಸಿಕೊಂಡರೆ ತಂದೆತಾಯಿಗೆ ದಂಡ ಬೀಳಬಹುದು. ಊರಿನ ಮದುವೆಗೆಂದು ಹೊರಡುವಾಗಲೂ ಇದನ್ನು ನೆನಪಿನಲ್ಲಿಡಬೇಕು.

ದಿನದ ಪ್ರವಾಸವೋ ವಾರದ ವಾಸ್ತವ್ಯವೋ

ಮೊದಲ ಸಲ ಹಿಮಕ್ಕೆ ಹೋಗುವವರು ನೇರವಾಗಿ ಒಂದು ವಾರದ ವಸತಿ ಕಾಯ್ದಿರಿಸುವುದು ನನಗೆ ಸರಿಕಾಣುವುದಿಲ್ಲ. ಮ್ಯೂನಿಕ್‌ನಿಂದ ಲೆಂಗ್‌ಗ್ರೀಸ್‌ಗೆ ಲೋಕಲ್ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು, ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ಗೆ ಸುಮಾರು ಒಂದೂವರೆ ಗಂಟೆ. ಬವೇರಿಯಾ ಟಿಕೆಟ್ ಎಂಬ ದಿನದ ಚೀಟಿಯಲ್ಲಿ ಐದು ಮಂದಿಯವರೆಗೆ ಒಟ್ಟಿಗೆ ಹೋಗಬಹುದು. ವಾರದ ದಿನಗಳಲ್ಲಿ ಅದು ಬೆಳಗ್ಗೆ ಒಂಬತ್ತರ ನಂತರವಷ್ಟೇ ನಡೆಯುತ್ತದೆ, ಶನಿವಾರ ಭಾನುವಾರ ಆ ನಿರ್ಬಂಧವಿಲ್ಲ. ಗಾರ್ಮಿಶ್ 1936ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ಅದರ ಮೇಲಿರುವ 2,962 ಮೀಟರ್ ಎತ್ತರದ ಸುಗ್‌ಸ್ಪಿಟ್ಸೆ ಜರ್ಮನಿಯ ಅತಿ ಎತ್ತರದ ಶಿಖರ. ಅಲ್ಲಿನ ಬಯಲು ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಮೇಲಿರುವುದರಿಂದ ಕೆಳಗೆ ಹುಲ್ಲು ಕಾಣುವ ವರ್ಷಗಳಲ್ಲಿಯೂ ಮೇಲೆ ಹಿಮವಿರುತ್ತದೆ.

ಮೊದಲ ದಿನ ಸ್ಕೀ ಬೇಡ, ಸ್ಲೆಡ್ಜ್ ಸಾಕು. ನಮ್ಮಲ್ಲಿ ಮಕ್ಕಳು ಅಡಕೆ ಹಾಳೆಯ ಮೇಲೆ ಕುಳಿತು ಗುಡ್ಡೆಯ ಇಳಿಜಾರಿನಲ್ಲಿ ಜಾರುವುದನ್ನು ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಹಾಳೆಯ ಬದಲು ಮರದ ಚೌಕಟ್ಟು, ಮುರಕಲ್ಲಿನ ಮಣ್ಣಿನ ಬದಲು ಹಿಮ. ಮಗುವಿಗೆ ಆ ಚಳಿಯಲ್ಲಿ ಮೂರು ಗಂಟೆ ಹೊರಗಿರಲು ಇಷ್ಟವಾಗುತ್ತದೆಯೇ, ಕೈಗವಸು ಒದ್ದೆಯಾದ ಕೂಡಲೇ ಅಳು ಶುರುವಾಗುತ್ತದೆಯೇ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಎರಡು ಮೂರು ದಿನದ ಪ್ರವಾಸಗಳಲ್ಲಿ ಉತ್ಸಾಹ ಉಳಿದರೆ ಮಾತ್ರ ವಾರದ ವಾಸ್ತವ್ಯಕ್ಕೆ ಹಣ ಹಾಕುವುದು ಲೇಸು.

ಆದರೆ ಸ್ಕೀ ಕಲಿಯಲು ದಿನದ ಪ್ರವಾಸ ಸಾಲದು. ಬೆಳಗ್ಗೆ ಆರಕ್ಕೆ ಎಬ್ಬಿಸಿ, ರೈಲಿನಲ್ಲಿ ಬೂಟು ಸ್ಕೀ ಹೊತ್ತು, ಮಧ್ಯಾಹ್ನದ ಹೊತ್ತಿಗೆ ದಣಿದ ಮಗುವಿಗೆ ಮರುವಾರ ಹಿಂದಿನ ಪಾಠ ಮರೆತಿರುತ್ತದೆ. ಸತತ ನಾಲ್ಕೈದು ದಿನ ಬೆಳಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಕಲಿತ ಮಗು ವಾರದ ಕೊನೆಗೆ ನೀಲಿ ಹಾದಿಯಲ್ಲಿ ತಾನೇ ಇಳಿಯುತ್ತದೆ. ಯುರೋಪಿನಲ್ಲಿ ಹಾದಿಗಳನ್ನು ಬಣ್ಣದಿಂದ ಗುರುತಿಸುತ್ತಾರೆ: ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ.

ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿಯ ಉತ್ತರ ಭಾಗ

ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇರುವವರಿಗೆ ಈ ಮೂರು ದೇಶಗಳಿಗೂ ಬೇರೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡನ್ನು ಮಾತ್ರ ಮಕ್ಕಳದ್ದೂ ಸೇರಿಸಿ ಕೈಯಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಆಸ್ಟ್ರಿಯಾದಿಂದ ಮರಳುವಾಗ ಜರ್ಮನಿಯ ಗಡಿಯಲ್ಲಿ ತಪಾಸಣೆ ಇರುತ್ತದೆ. ತಲಪಾಡಿಯಲ್ಲಿ ಗಡಿ ದಾಟಿಯೇ ಕಾಲೇಜಿಗೂ ಆಸ್ಪತ್ರೆಗೂ ಹೋಗಿ ಬಂದು ಬೆಳೆದ ನಮಗೆ, ಒಂದು ಕಡೆ ಹೇಗೆ ಎಲ್ಲವೂ ಸಲೀಸಾಗಿ ಇನ್ನೊಂದು ಕಡೆ ಹೇಗೆ ಸಾಲು ನಿಲ್ಲುತ್ತದೆಂಬುದನ್ನು ವಿವರಿಸಬೇಕಿಲ್ಲ.

ಚಿಕ್ಕ ಮಕ್ಕಳಿರುವವರಿಗೆ ನಾನು ಮೊದಲು ಹೇಳುವುದು ಆಸ್ಟ್ರಿಯಾದ ಟಿರೋಲ್ ಪ್ರಾಂತ. ಸ್ಕೀ ಶಾಲೆಗಳು ಮೂರು ನಾಲ್ಕು ವರ್ಷದ ಮಕ್ಕಳನ್ನೂ ಸೇರಿಸಿಕೊಳ್ಳುತ್ತವೆ, ಜರ್ಮನ್ ಮಾತನಾಡುವ ನಮ್ಮ ಮಕ್ಕಳಿಗೆ ಭಾಷೆಯ ತೊಡಕಿಲ್ಲ, ಹಳ್ಳಿಯ ಮನೆಗಳ ಒಂದು ಭಾಗವನ್ನು ಅಡುಗೆಮನೆಸಹಿತ ಬಾಡಿಗೆಗೆ ಕೊಡುವ ಪದ್ಧತಿ ಎಲ್ಲೆಡೆ ಇದೆ. ಹೆಸರಿಗೆ ಮರುಳಾಗದೆ ಎತ್ತರವನ್ನು ನೋಡಬೇಕು. ಕಿಟ್ಸ್‌ಬ್ಯೂಲ್ ಪಟ್ಟಣ ಸುಮಾರು 760 ಮೀಟರ್ ಎತ್ತರದಲ್ಲಿದೆ. 1931ರಿಂದ ನಡೆದುಬಂದ ಹಾನೆನ್‌ಕಾಮ್ ಸ್ಕೀ ಸ್ಪರ್ಧೆಯಿಂದ ಲೋಕಪ್ರಸಿದ್ಧವಾದರೂ ಹಿಮ ಕಡಿಮೆಯಾದ ವರ್ಷ ಪಟ್ಟಣದ ಮಟ್ಟದಲ್ಲಿ ಮಗುವಿಗೆ ಆಡಲು ಏನೂ ಇರದು. ಸೆರ್ಫೌಸ್ ಎಂಬ ಹಳ್ಳಿ 1,400 ಮೀಟರಿಗಿಂತ ಮೇಲಿದೆ, ಒಬರ್‌ಗುರ್ಗಲ್ 1,900 ಮೀಟರಿನಷ್ಟು ಎತ್ತರದಲ್ಲಿದೆ. ನಮ್ಮ ಆಯ್ಕೆ ಸೆರ್ಫೌಸ್. ಅಲ್ಲಿ 1985ರಿಂದ ಹಳ್ಳಿಯ ಕೆಳಗೆ, ಗಾಳಿಯ ಮೆತ್ತೆಯ ಮೇಲೆ ತೇಲುತ್ತ ಸಾಗುವ ಒಂದು ಪುಟ್ಟ ಸುರಂಗ ರೈಲು ಓಡುತ್ತದೆ, ಅದಕ್ಕೆ ಟಿಕೆಟ್ ಇಲ್ಲ. ಮನೆಯ ಹತ್ತಿರ ಇಳಿದು ಹತ್ತುವುದರಿಂದ ನಿದ್ದೆಗಣ್ಣಿನ ಮಗು, ನಾಲ್ಕು ಜೊತೆ ಸ್ಕೀ, ಎಲ್ಲವನ್ನೂ ಬೆಟ್ಟಕ್ಕೆ ಏರಿಸುವ ಲಿಫ್ಟಿನ ಬುಡಕ್ಕೆ ಮುಟ್ಟಿಸುವುದು ಸುಲಭ. ಸ್ಕೀ ಬೂಟು ಹಾಕಿಕೊಂಡು ಮಂಜುಗಡ್ಡೆಯ ರಸ್ತೆಯಲ್ಲಿ ಕಾಲು ಕಿಲೋಮೀಟರು ನಡೆಯುವುದೇನೆಂದು ಒಮ್ಮೆ ಅನುಭವಿಸಿದವರಿಗೆ ಈ ರೈಲಿನ ಬೆಲೆ ತಿಳಿಯುತ್ತದೆ.

ಆಸ್ಟ್ರಿಯಾದ ಕೊರತೆಯೆಂದರೆ ಶನಿವಾರದ ರಸ್ತೆ. ಬಾಡಿಗೆ ಮನೆಗಳು ಶನಿವಾರದಿಂದ ಶನಿವಾರಕ್ಕೆ ಬದಲಾಗುವುದರಿಂದ ಫಾಶಿಂಗ್ ವಾರದ ಆರಂಭದ ದಿನ ಫೆರ್ನ್‌ಪಾಸ್ ಕಣಿವೆದಾರಿಯಲ್ಲಿ ಗಂಟೆಗಟ್ಟಲೆ ವಾಹನಗಳು ನಿಂತಿರುತ್ತವೆ. ಭಾನುವಾರದಿಂದ ಗುರುವಾರದವರೆಗೆ ಕೊಡುವ ಮನೆಯನ್ನು ಹುಡುಕಿ, ವಾರದ ನಡುವೆ ಮರಳುವುದು ಒಳ್ಳೆಯದು. ಕಾರಿನಲ್ಲಿ ಹೋಗುವವರು ಹೆದ್ದಾರಿ ಸುಂಕದ ವಿನ್ಯೆಟ್ ಚೀಟಿ ಕೊಂಡಿರಬೇಕು, ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮದ ರಸ್ತೆಗೆ ಚಳಿಗಾಲದ ಟಯರುಗಳಿರಬೇಕು.

ಸ್ವಿಟ್ಜರ್ಲೆಂಡಿನ ಹೆಚ್ಚುಗಾರಿಕೆ ರೈಲು. ವೆಂಗನ್‌ನಂತಹ ಹಳ್ಳಿಗೆ ಕಾರು ಹೋಗುವ ದಾರಿಯೇ ಇಲ್ಲ, ಲೌಟರ್‌ಬ್ರುನ್ನನ್‌ನಿಂದ ಹಲ್ಲುಚಕ್ರದ ರೈಲಿನಲ್ಲಿ ಏರಬೇಕು. ಮಕ್ಕಳು ಬೀದಿಯಲ್ಲಿ ನಿರ್ಭಯವಾಗಿ ಓಡಾಡುತ್ತಾರೆ. ಕಾರು ಓಡಿಸದವರಿಗೆ, ಹಿರಿಯರನ್ನು ಕರೆದೊಯ್ಯುವವರಿಗೆ ಇದಕ್ಕಿಂತ ನೆಮ್ಮದಿಯ ಸ್ಥಳ ಕಡಿಮೆ. ಖರ್ಚು ಮಾತ್ರ ಎಲ್ಲದರಲ್ಲೂ ಹೆಚ್ಚು, ಒಂದು ಬಟ್ಟಲು ಸೂಪಿನಿಂದ ಹಿಡಿದು ಸ್ಕೀ ಶಾಲೆಯ ಶುಲ್ಕದವರೆಗೆ. ಸ್ವಿಸ್ ಸಂಬಳ ಪಡೆಯುವವರಿಗೆ ಸರಿ. ಜರ್ಮನಿಯಿಂದ ಹೋಗುವವರು ಹಿಮ ನೋಡಲು, ಯುಂಗ್‌ಫ್ರೌಯೋಖ್‌ನ 3,454 ಮೀಟರ್ ಎತ್ತರದ ನಿಲ್ದಾಣಕ್ಕೆ ಒಮ್ಮೆ ಹೋಗಿಬರಲು ಎರಡು ದಿನ ಇಟ್ಟುಕೊಂಡು, ಕಲಿಕೆಯನ್ನು ಆಸ್ಟ್ರಿಯಾದಲ್ಲಿ ಮಾಡಿಸುವುದು ಜಾಣತನ.

ಇಟಲಿಯ ದಕ್ಷಿಣ ಟಿರೋಲ್‌ಗೆ ಬ್ರೆನ್ನರ್ ಕಣಿವೆ ದಾಟಿ ಹೋಗಬೇಕು, ಪಯಣ ಉದ್ದ. ಆದರೆ ಆಲ್ಪ್ಸ್‌ನ ತೆಂಕಣ ಮಗ್ಗುಲಾದ್ದರಿಂದ ಬಿಸಿಲಿನ ದಿನಗಳು ಹೆಚ್ಚು, ಝೈಸರ್ ಆಲ್ಮ್ ಎಂಬ ವಿಶಾಲವಾದ ಎತ್ತರದ ಹುಲ್ಲುಗಾವಲು ಸೌಮ್ಯ ಇಳಿಜಾರಿನದು, ಸಸ್ಯಾಹಾರಿಗಳಿಗೆ ಪಾಸ್ತಾ ಎಲ್ಲ ಕಡೆ ಸಿಗುತ್ತದೆ. ಇಟಲಿಯಲ್ಲಿ 2022ರ ಜನವರಿಯಿಂದ ಸ್ಕೀ ಹಾದಿಗಿಳಿಯುವ ಪ್ರತಿಯೊಬ್ಬರಿಗೂ ಇನ್ನೊಬ್ಬರಿಗೆ ಆಗುವ ಹಾನಿಯ ವಿಮೆ ಕಡ್ಡಾಯ.

ಲಿಫ್ಟಿನ ದರದ ಬಗ್ಗೆ ಒಂದು ಮಾತು. ಆಸ್ಟ್ರಿಯಾದ ದೊಡ್ಡ ಪ್ರದೇಶಗಳಲ್ಲಿ ವಯಸ್ಕರ ಒಂದು ದಿನದ ಟಿಕೆಟ್ 70 ಯೂರೋ ದಾಟಿದೆ. ಹೊಸಬರಿಗೆ ಅದರ ಅಗತ್ಯವೇ ಇಲ್ಲ. ಮೊದಲ ಎರಡು ದಿನ ಕಲಿಯುವವರು ನಿಲ್ಲುವುದು ಬುಡದ ಚಿಕ್ಕ ಇಳಿಜಾರಿನಲ್ಲಿ, ಚಲಿಸುವ ಪಟ್ಟಿಯ ಮೇಲೆ. ಅಲ್ಲಿಗೆ ಹೆಚ್ಚಿನ ಕಡೆ ಬೇರೆಯೇ ಅಗ್ಗದ ಚೀಟಿ ಇರುತ್ತದೆ. ನೂರಾರು ಕಿಲೋಮೀಟರು ಹಾದಿಯಿದೆ ಎಂಬ ಜಾಹೀರಾತಿಗೆ ಹೊಸಬರು ಒಂದು ಯೂರೋವನ್ನೂ ಹೆಚ್ಚು ಕೊಡಬೇಕಾಗಿಲ್ಲ.

ಅಡುಗೆಮನೆಯಿರುವ ಮನೆಯೋ ಹೋಟೆಲೋ

ಈ ಆಯ್ಕೆಯಲ್ಲಿ ನನಗೆ ಸಂದೇಹವೇ ಇಲ್ಲ. ಹೋಟೆಲಿನಲ್ಲಿ ಬೆಳಗ್ಗೆ ಮತ್ತು ರಾತ್ರಿಯ ಊಟ ಸೇರಿರುತ್ತದೆ, ದುಡಿಯುವ ತಾಯಿಗೆ ಒಂದು ವಾರ ಬಿಡುವು ಸಿಗುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಸಸ್ಯಾಹಾರಿಗಳ ಪಾಡು ಅಲ್ಲಿ ಕಷ್ಟ. ತಿಳಿಯಾದ ಸೂಪು ನೋಡಲು ನಮ್ಮ ಸಾರಿನಂತಿದ್ದರೂ ಅದರ ರಸ ಹೆಚ್ಚಾಗಿ ದನದ ಮಾಂಸದ್ದು. ಚೀಸಿನ ಸ್ಪೆಟ್ಸ್ಲೆ ಎಂಬ ಹಿಟ್ಟಿನ ತಿನಿಸಿನಲ್ಲಿ ಕೆಲವು ಕಡೆ ಹಂದಿಮಾಂಸದ ಚೂರು ಇರುತ್ತದೆ. ಕೇಳದೆ ತಿನ್ನಬಾರದು. ಮಕ್ಕಳಿಗೆ ಅಲ್ಲಿ ತುಂಬ ಹಿಡಿಸುವುದು ಗೆರ್ಮ್‌ಕ್ನೋಡಲ್. ಹಬೆಯಲ್ಲಿ ಬೇಯಿಸಿದ ದೊಡ್ಡ ಕಡುಬಿನೊಳಗೆ ಪ್ಲಮ್ ಹಣ್ಣಿನ ಪಾಕ, ಮೇಲೆ ಗಸಗಸೆ ಪುಡಿ.

ನಾಲ್ಕು ಗಂಟೆ ಹಿಮದಲ್ಲಿದ್ದು ಬಂದ ಮಗುವಿಗೆ ಬೇಕಾಗುವುದು ಬಿಸಿ ಗಂಜಿ ಎಂಬುದನ್ನು ನಾನು ಮೊದಲ ವರ್ಷವೇ ಕಂಡೆ. ಊರಿನಿಂದ ತಂದ ಕುಚ್ಚಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಎಲ್ಲವೂ ಪೆಟ್ಟಿಗೆಯಲ್ಲಿದ್ದವು, ಮದುವೆಯಲ್ಲಿ ಬಂದ ಅಲ್ಯೂಮಿನಿಯಂ ಕುಕ್ಕರೂ ಇತ್ತು. ಮನೆಯಲ್ಲಿದ್ದದ್ದು ಇಂಡಕ್ಷನ್ ಒಲೆ. ಕುಕ್ಕರ್ ಇಟ್ಟರೆ ಒಲೆ ಬೀಪ್ ಎಂದು ಸುಮ್ಮನಾಗುತ್ತಿತ್ತು, ಏಕೆಂದರೆ ಬರಿಯ ಅಲ್ಯೂಮಿನಿಯಂ ಪಾತ್ರೆಯನ್ನು ಆ ಒಲೆ ಗುರುತಿಸುವುದಿಲ್ಲ. ಅವರ ಸ್ಟೀಲ್ ಪಾತ್ರೆಯಲ್ಲಿ ಅಕ್ಕಿ ಬೇಯಲಿಟ್ಟೆ. 1,400 ಮೀಟರ್ ಎತ್ತರದಲ್ಲಿ ನೀರು 100 ಡಿಗ್ರಿಯ ಬದಲು ಸುಮಾರು 95ಕ್ಕೇ ಕುದಿಯುತ್ತದೆ. ನೀರು ಮಗುಚಿ ಕುದಿಯುತ್ತಲೇ ಇತ್ತು, ಅಗುಳು ಮಾತ್ರ ಬೆರಳಿನ ನಡುವೆ ಗಟ್ಟಿಯಾಗಿಯೇ ಸಿಗುತ್ತಿತ್ತು. ಒಂದೂಕಾಲು ಗಂಟೆಯಾದ ಮೇಲೆ ಅದು ಅರಳುವ ಹೊತ್ತಿಗೆ ಸಣ್ಣವನು ಕುರ್ಚಿಯಲ್ಲಿಯೇ ನಿದ್ದೆ ಹೋಗಿದ್ದ. ಮನೆ ಕಾಯ್ದಿರಿಸುವ ಮೊದಲು ಒಲೆ ಯಾವುದೆಂದು ಮಾಲೀಕರಲ್ಲಿ ಕೇಳಿ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರನ್ನು ಒಯ್ಯಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಒಗ್ಗರಣೆಗೂ ಹಪ್ಪಳ ಕರಿಯುವುದಕ್ಕೂ ಮುನ್ನ ಕಿಟಕಿ ತೆರೆಯಬೇಕು, ಅನೇಕ ಮನೆಗಳ ಛಾವಣಿಯಲ್ಲಿ ಹೊಗೆಯ ಅಲಾರಂ ಇರುತ್ತದೆ. ಊರಿನಿಂದ ತುಪ್ಪ ತರುವಂತಿಲ್ಲ; ಹೊರಗಿನ ದೇಶಗಳ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವುದಕ್ಕೆ ಯುರೋಪ್ ಒಕ್ಕೂಟದಲ್ಲಿ ನಿಷೇಧವಿದೆ.

ಕೊಳ್ಳುವುದೋ ಬಾಡಿಗೆಗೆ ಪಡೆಯುವುದೋ

ಬಟ್ಟೆ ಕೊಳ್ಳಬೇಕು, ಸ್ಕೀ ಮತ್ತು ಬೂಟು ಬಾಡಿಗೆಗೆ ಪಡೆಯಬೇಕು. ಬಟ್ಟೆ ಚಳಿಗಾಲವಿಡೀ ಶಾಲೆಗೂ ಉಪಯೋಗವಾಗುತ್ತದೆ. ಮಗುವಿನ ಕಾಲು ಪ್ರತಿ ವರ್ಷ ಬೆಳೆಯುತ್ತದೆ. ನಗರದ ಅಂಗಡಿಗಳಲ್ಲಿ ಮಕ್ಕಳ ಸ್ಕೀಯನ್ನು ಇಡೀ ಚಳಿಗಾಲಕ್ಕೆ ಬಾಡಿಗೆಗೆ ಕೊಡುತ್ತಾರೆ, ವರ್ಷಕ್ಕೆ ಎರಡು ಮೂರು ಸಲ ಹೋಗುವವರಿಗೆ ಅದು ಅಗ್ಗ. ನವೆಂಬರಿನ ಸುಮಾರಿಗೆ ಬಳಸಿದ ಸಾಮಾನುಗಳ ಸಂತೆ ನಡೆಯುತ್ತದೆ, ಅಲ್ಲಿ ಜಾಕೆಟ್, ಪ್ಯಾಂಟ್ ಕೊಳ್ಳಬಹುದು. ಹೆಲ್ಮೆಟನ್ನು ಮಾತ್ರ ಬಳಸಿದ್ದು ಕೊಳ್ಳಬಾರದು, ಒಮ್ಮೆ ಪೆಟ್ಟು ತಿಂದದ್ದು ಹೊರಗೆ ಕಾಣುವುದಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಊರಿನಲ್ಲಿ ಶಾಲೆಯ ಯೂನಿಫಾರ್ಮನ್ನು ಮುಂದಿನ ವರ್ಷಕ್ಕೂ ಆಗಲೆಂದು ಅಂಚು ಮಡಚಿ ಹೊಲಿಸಿದ ಹಾಗೆ, ಮಗಳಿಗೆ ಎರಡು ಅಳತೆ ದೊಡ್ಡ ಬೂಟು ಕೊಂಡು, ತುಂಬಲೆಂದು ಎರಡು ಜೊತೆ ಕಾಲುಚೀಲ ಹಾಕಿದೆ. ಮೂರನೆಯ ದಿನ ಸಂಜೆ ಬೂಟು ಕಳಚಿದಾಗ ಮೊಳಕಾಲಿನ ಕೆಳಗೆ ಎಲುಬಿನ ಉದ್ದಕ್ಕೆ ಚರ್ಮ ಕೆಂಪಾಗಿ ಬೆಂದಿತ್ತು, ಮತ್ತೆರಡು ದಿನ ಅವಳು ಕಿಟಕಿಯ ಬಳಿ ಕುಳಿತು ಉಳಿದವರನ್ನು ನೋಡಬೇಕಾಯಿತು. ಸ್ಕೀ ಬೂಟು ಕಾಲಿಗೆ ಬಿಗಿಯಾಗಿ ಹೊಂದಬೇಕು, ಒಳಗೆ ಒಂದೇ ತೆಳುವಾದ ಉದ್ದ ಕಾಲುಚೀಲವಿರಬೇಕು. ಸ್ಕೀಯ ಉದ್ದ ಹೊಸಬನ ಗಲ್ಲದವರೆಗೆ ಬಂದರೆ ಸಾಕು. ಬಿದ್ದಾಗ ಬೂಟಿನಿಂದ ಸ್ಕೀ ಕಳಚಿಕೊಳ್ಳುವ ಕೊಕ್ಕೆಯನ್ನು ಮಗುವಿನ ತೂಕ, ಎತ್ತರ, ವಯಸ್ಸು ನೋಡಿ ಅಂಗಡಿಯವರೇ ಹೊಂದಿಸಬೇಕು, ಆದ್ದರಿಂದ ತೂಕವನ್ನು ಸರಿಯಾಗಿ ಹೇಳಬೇಕು.

ಬಟ್ಟೆಯ ವಿಷಯದಲ್ಲಿ ಜರ್ಮನರು ನೀರುಳ್ಳಿಯ ಸೂತ್ರ ಎನ್ನುತ್ತಾರೆ. ಒಂದು ದಪ್ಪ ಸ್ವೆಟರಿನ ಬದಲು ನೀರುಳ್ಳಿಯ ಪದರದಂತೆ ಮೂರು ತೆಳು ಬಟ್ಟೆ. ಮೈಗೆ ತಾಗುವುದು ಹತ್ತಿಯದಾಗಿರಬಾರದು, ಬೆವರು ಹಿಡಿದಿಟ್ಟು ತಣಿಯುತ್ತದೆ. ಮುಖಕ್ಕೆ ತೆಂಗಿನೆಣ್ಣೆ ಹಚ್ಚಿದರೆ ಸಾಕೆಂದು ಅಜ್ಜಿಯಂದಿರು ಹೇಳುತ್ತಾರೆ. ಚರ್ಮ ಒಡೆಯದಿರಲು ರಾತ್ರಿ ಅದು ಒಳ್ಳೆಯದೇ, ಆದರೆ ಹೊಸ ಹಿಮ ಬಿಸಿಲನ್ನು ಕನ್ನಡಿಯಂತೆ ಮುಖಕ್ಕೆ ಎಸೆಯುವುದರಿಂದ ಹಗಲು ಸನ್‌ಸ್ಕ್ರೀನ್ ಮತ್ತು ಕಪ್ಪು ಕನ್ನಡಕ ಬೇಕೇ ಬೇಕು.

ಕಲಿಸುವವರು ಯಾರು ಎಂಬುದಕ್ಕೆ ಒಂದೇ ಉತ್ತರ: ಸ್ಕೀ ಶಾಲೆ. ಸ್ಕೀಯ ಮೊನೆಗಳನ್ನು ಒಳಗೆ ಕೂಡಿಸಿ ವೇಗ ತಗ್ಗಿಸುವುದನ್ನು ಅವರು ಪಿಜ್ಜಾ ತುಂಡು ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ, ಅರ್ಧ ಗಂಟೆಯಲ್ಲಿ ಮಗುವಿಗೆ ಅದು ಬರುತ್ತದೆ. ಫಾಶಿಂಗ್ ವಾರದ ತರಗತಿಗೆ ಮನೆ ಕಾಯ್ದಿರಿಸಿದ ದಿನವೇ ಹೆಸರು ಕೊಡಬೇಕು. ನಲವತ್ತರ ಹತ್ತಿರದ ನಮ್ಮಂಥವರೂ ಮೂರು ದಿನ ತರಗತಿಗೆ ಹೋಗುವುದು ಒಳ್ಳೆಯದು.

ಅತ್ತೆ ಮಾವ ಜೊತೆಗಿದ್ದರೆ

ಊರಿನಿಂದ ಬಂದ ಹಿರಿಯರನ್ನು ನಗರದ ಫ್ಲಾಟಿನಲ್ಲಿ ಬಿಟ್ಟು ಹಿಮಕ್ಕೆ ಹೋಗಲು ಮನಸ್ಸು ಬರುವುದಿಲ್ಲ, ಕರೆದುಕೊಂಡು ಹೋದರೆ ಅವರಿಗೆ ಏನು ಮಾಡಲಿದೆ ಎಂಬ ಚಿಂತೆ. ನಮ್ಮ ಅತ್ತೆಯವರು ಬಂದ ವರ್ಷ ನಾವು ಸ್ಥಳವನ್ನು ಅವರ ಮೊಣಕಾಲು ನೋಡಿ ಆರಿಸಿದೆವು. ಕುಳಿತುಕೊಂಡೇ ಏರಬಹುದಾದ, ಇಳಿಯಲು ಓಡಬೇಕಾಗಿಲ್ಲದ, ತಂತಿಯಲ್ಲಿ ತೂಗಿ ಸಾಗುವ ಮುಚ್ಚಿದ ಗೊಂಡೊಲಾ, ಮೇಲೆ ಹಿಮ ತಟ್ಟಿ ಸಮ ಮಾಡಿದ ನಡೆಯುವ ದಾರಿ, ಬಿಸಿಲಿಗೆ ಬೆನ್ನು ಮಾಡಿ ಕುಳಿತುಕೊಳ್ಳಲು ಬೆಂಚು ಇರುವ ಕಡೆ ಅವರು ದಿನವಿಡೀ ಸಂತೋಷವಾಗಿದ್ದರು. ಬೂಟಿನ ಅಡಿಗೆ ಸಿಕ್ಕಿಸುವ ರಬ್ಬರಿನ ಮುಳ್ಳುಗಳು ಅಂಗಡಿಗಳಲ್ಲಿ ಸಿಗುತ್ತವೆ, ಮಂಜುಗಡ್ಡೆಯಲ್ಲಿ ಜಾರದಿರಲು ಅವು ಅತ್ಯಗತ್ಯ. ತೆರೆದ ಕುರ್ಚಿ ಲಿಫ್ಟ್ ಹಿರಿಯರಿಗೆ ಬೇಡ.

ಊರಿನಿಂದ ಬರುವ ಹಿರಿಯರ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ) ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯವಾದರೂ, ಅಂತಹ ಅನೇಕ ಪಾಲಿಸಿಗಳು ಹಿಮಕ್ರೀಡೆಯ ಗಾಯವನ್ನು ಹೊರಗಿಡುತ್ತವೆ. ಸ್ಲೆಡ್ಜ್ ಮೇಲೆ ಕೂರಿಸುವ ಮೊದಲು ಸಣ್ಣ ಅಕ್ಷರದ ಆ ಸಾಲನ್ನು ಓದಬೇಕು. ಜರ್ಮನಿಯ ನಮ್ಮ ಸಾರ್ವಜನಿಕ ಆರೋಗ್ಯ ವಿಮೆ ಆಸ್ಟ್ರಿಯಾದ ಆಸ್ಪತ್ರೆಯಲ್ಲಿ ನಡೆಯುತ್ತದೆ, ಆದರೆ ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚನ್ನು ಅದು ಸಾಮಾನ್ಯವಾಗಿ ಕೊಡುವುದಿಲ್ಲ. ಜರ್ಮನ್ ಆಲ್ಪೈನ್ ಸಂಘದ ಸದಸ್ಯರಿಗೆ ರಕ್ಷಣೆಯ ವೆಚ್ಚ 25,000 ಯೂರೋವರೆಗೆ ಸಿಗುತ್ತದೆ, ಕುಟುಂಬಕ್ಕೆ ಒಟ್ಟಾಗಿ ಸದಸ್ಯತ್ವವಿದೆ. ನಾವು ಅದನ್ನೇ ಮಾಡಿಸಿದ್ದೇವೆ. ತುರ್ತು ಕರೆಗೆ ಎಲ್ಲ ಕಡೆ 112, ಆಸ್ಟ್ರಿಯಾದ ಬೆಟ್ಟಗಳಲ್ಲಿ 140, ಸ್ವಿಟ್ಜರ್ಲೆಂಡಿನಲ್ಲಿ ಹೆಲಿಕಾಪ್ಟರಿಗೆ 1414.

ದುಬೈಯಿಂದ, ನೀರ್ಚಾಲಿನಿಂದ

ಭಾವನವರಿಗೆ ನಾನು ಹೇಳಿದ್ದು ಇಷ್ಟು. ದುಬೈಯಲ್ಲಿ 2005ರಿಂದ ಒಂದು ಮಾಲಿನೊಳಗೆ ಸ್ಕೀ ದುಬೈ ಇದೆ. ಐದು ಇಳಿಜಾರು, ಅತಿ ಉದ್ದದ್ದು 400 ಮೀಟರ್. ಮಕ್ಕಳಿಗೆ ನಿಲ್ಲುವುದು, ಬೀಳುವುದು, ಪಿಜ್ಜಾ ತುಂಡು ಇವಿಷ್ಟನ್ನು ಅಲ್ಲಿ ನಾಲ್ಕು ತರಗತಿಗಳಲ್ಲಿ ಕಲಿಸಬಹುದು, ಬಟ್ಟೆ ಬೂಟು ಅಲ್ಲಿಯೇ ಸಿಗುತ್ತದೆ. ಆಮೇಲೆ ನಿಜವಾದ ಬೆಟ್ಟ ಬೇಕೆಂದರೆ ಜಾರ್ಜಿಯಾದ ಗುಡೌರಿ ಹತ್ತಿರ. ರಾಜಧಾನಿ ತಬಿಲಿಸಿಯಿಂದ ಸುಮಾರು 120 ಕಿಲೋಮೀಟರು, ಹಳ್ಳಿಯೇ 2,000 ಮೀಟರಿಗಿಂತ ಎತ್ತರದಲ್ಲಿದೆ, ಮರಗಳಿಲ್ಲದ ಅಗಲವಾದ ಇಳಿಜಾರು, ಖರ್ಚು ಆಲ್ಪ್ಸ್‌ಗಿಂತ ಬಹಳ ಕಡಿಮೆ. ಹಿಮ ಜೋರಾದರೆ ರಸ್ತೆ ಮುಚ್ಚುವುದುಂಟು, ಆದ್ದರಿಂದ ಮರಳುವ ವಿಮಾನಕ್ಕೆ ಒಂದು ದಿನ ಮೊದಲೇ ತಬಿಲಿಸಿಗೆ ಇಳಿಯಬೇಕು. ತೀರ ಚಿಕ್ಕ ಮಕ್ಕಳಿಗಿಂತ ಎಂಟು ಹತ್ತು ವರ್ಷ ದಾಟಿದವರಿಗೆ ಅದು ಹೊಂದುತ್ತದೆ.

ಮಾವನ ಮಗನಿಗೆ ಗುಲ್ಮಾರ್ಗ್. ಶ್ರೀನಗರದಿಂದ 50 ಕಿಲೋಮೀಟರು, ಊರು ಸುಮಾರು 2,650 ಮೀಟರ್ ಎತ್ತರ, ಗೊಂಡೊಲಾದ ಎರಡನೆಯ ಹಂತ ಅಫರ್ವತ್ ಬೆಟ್ಟದಲ್ಲಿ 3,900 ಮೀಟರ್ ದಾಟುತ್ತದೆ. ಕಲಿಯುವವರಿಗೆ ಕೆಳಗಿನ ಬಟ್ಟಲಿನಂಥ ಬಯಲೇ ಸಾಕು, ಮೇಲಿನ ಹಂತ ನುರಿತ ಸ್ಕೀಗಾರರಿಗೆ. ಅಲ್ಲಿನ ಗಾಳಿ ತೆಳು, ಹಿಮಕುಸಿತದ ಅಪಾಯವಿದೆ. ಅವನ ತೊಡಕು ಶಾಲೆಯ ಪಂಚಾಂಗದ್ದು. ಕಾಶ್ಮೀರದ ಕಡುಚಳಿಯ ನಲವತ್ತು ದಿನ, ಚಿಲ್ಲಾಯ್ ಕಲಾನ್, ಶುರುವಾಗುವುದೇ ಡಿಸೆಂಬರ್ 21ಕ್ಕೆ. ಗುಲ್ಮಾರ್ಗಿನ ಹಿಮ ಚೆನ್ನಾಗಿ ಕೂರುವುದು ಜನವರಿಯ ಕೊನೆ ಮತ್ತು ಫೆಬ್ರವರಿಯಲ್ಲಿ. ಕೇರಳದ ಶಾಲೆಗಳಿಗೆ ರಜೆಯಿರುವುದು ಕ್ರಿಸ್ಮಸ್‌ನ ಹತ್ತು ದಿನ, ಮತ್ತೆ ಏಪ್ರಿಲ್ ಮೇ. ಫೆಬ್ರವರಿ ಪರೀಕ್ಷೆಯ ತಯಾರಿಯ ಕಾಲ. 2024ರ ಜನವರಿಯ ಮಧ್ಯದಲ್ಲಿಯೂ ಗುಲ್ಮಾರ್ಗಿನ ಬಯಲು ಬೋಳಾಗಿತ್ತು. ಹತ್ತನೆಯ ತರಗತಿಯಲ್ಲಿರುವ ದೊಡ್ಡವನ ಪರೀಕ್ಷೆ ಮುಗಿಯುವವರೆಗೆ ಕಾದು, ಮುಂದಿನ ವರ್ಷ ಚಿಕ್ಕವಳಿಗೆ ಶಾಲೆಯಲ್ಲಿ ಅನುಮತಿ ಕೇಳಿ ಫೆಬ್ರವರಿ ಮೊದಲ ವಾರದಲ್ಲಿ ಆರು ದಿನಕ್ಕೆ ಹೋಗಲು ಹೇಳಿದ್ದೇನೆ. ಗೊಂಡೊಲಾದ ಟಿಕೆಟನ್ನು ಆನ್‌ಲೈನಿನಲ್ಲಿ ಮೊದಲೇ ಮಾಡಿಸಬೇಕು, ಮತ್ತು ಹಿಮ ಬಿದ್ದ ದಿನ ಶ್ರೀನಗರದ ವಿಮಾನಗಳು ರದ್ದಾಗುವುದುಂಟಾದ್ದರಿಂದ, ಮಂಗಳೂರಿಗೆ ಮರಳುವ ಮುಂದಿನ ವಿಮಾನವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಬಾರದು.